ಹನ್ನೊಂದು ಗಂಟೆಯ ಹಾಜರಿ

ಡಿಸೆಂಬರ್ ೭, ೧೯೫೩, ಸೋಮವಾರ

ತಪ್ಪಾಯಿತೆಂದು ಮೊದಲೇ ಹೇಳಿಬಿಡುತ್ತೇನೆ. ಈ ವಹಿಯನ್ನು ಕಾಲೇಜಿನವರು ಪಾಠದ ಟಿಪ್ಪಣಿಗೆಂದು ಕೊಟ್ಟದ್ದು. ಇದರಲ್ಲಿ ನನ್ನ ಸುದ್ದಿ ಬರೆಯಬಾರದು. ನಾನು ಬೆಳೆದ ಹಾಸ್ಟೆಲಿನಲ್ಲಿ ಯಾರಾದರೂ ದಿನಚರಿ ಬರೆದರೆ ಮೇಟ್ರನ್ ಅದನ್ನು ಊಟದ ಹೊತ್ತಿಗೆ ಎಲ್ಲರೆದುರು ಗಟ್ಟಿಯಾಗಿ ಓದಿಸುತ್ತಿದ್ದರು. ಆ ಹೆದರಿಕೆಯಲ್ಲಿ ಹನ್ನೆರಡು ವರ್ಷ ಒಂದು ಸಾಲೂ ಬರೆಯಲಿಲ್ಲ. ಈಗಲೂ ಹಿಂದಿನ ಪುಟದಿಂದ ಬರೆಯುತ್ತಿದ್ದೇನೆ. ಯಾರಾದರೂ ಮುಂದಿನಿಂದ ತೆರೆದರೆ ಟಿಪ್ಪಣಿಯೇ ಕಾಣಲಿ.

ಟ್ರೇನಿಂಗ್ ಕಾಲೇಜಿನ ಮೊದಲ ವರ್ಷದವರನ್ನೆಲ್ಲ ಪಾಠಾಭ್ಯಾಸಕ್ಕೆಂದು ಫೆಬ್ರುವರಿ ಕೊನೆಯವರೆಗೆ ಹೊರಗೆ ಕಳಿಸಿದ್ದಾರೆ. ಉಳಿದವರಿಗೆಲ್ಲ ಪೇಟೆಯ ಶಾಲೆಗಳು ಸಿಕ್ಕವು. ನನಗೆ ಸಿಕ್ಕಿದ್ದು ಜತ್ತ ತಾಲೂಕಿನ ಕರಿಮಾಳ ವಸ್ತಿ. ಸನಮಡಿಯಲ್ಲಿ ಬಸ್ಸಿಳಿದು, ಒಂದು ಒಣ ಹಳ್ಳದ ದಂಡೆ ಹಿಡಿದು ಎರಡು ಮೈಲು ನಡೆಯಬೇಕು. ಕುರಿ ಸಾಕುವವರ ಮೂವತ್ತು ಮನೆ, ಒಂದು ಶಾಲೆ. ನನ್ನನ್ನು ಇಲ್ಲಿಗೆ ಹಾಕಿದವರು ಶಾಲಾ ಬೋರ್ಡಿನ ಆಡಳಿತಾಧಿಕಾರಿ ಅಣ್ಣಾರಾಯ ಸಾಹೇಬರೇ ಎಂದು ಪ್ರಿನ್ಸಿಪಾಲರು ಹೇಳಿದರು. ಸಾಹೇಬರು ಹುಡುಗರಾಗಿದ್ದಾಗ ಮಾಸ್ತರಕಿ ಶುರುಮಾಡಿದ್ದು ಈ ಶಾಲೆಯಲ್ಲಿ. ಏಪ್ರಿಲ್ ಒಂದಕ್ಕೆ ಅವರು ಇನ್ನೂ ಮೇಲಿನ ಹುದ್ದೆಗೆ ಪುಣೆಗೆ ಹೋಗುತ್ತಾರೆ. ಅಷ್ಟರೊಳಗೆ ಅವರ ಸೇವಾ ಚರಿತ್ರೆ ಬರೆದು ಕೊಡುವುದೂ ನನ್ನ ಕೆಲಸ. ಚೆನ್ನಾಗಿ ಬರೆದರೆ ಕಾಲೇಜಿನಲ್ಲಿ ನನಗೊಂದು ಹೆಸರು ಬರಬಹುದು. ಕೆಟ್ಟರೆ? ಅದನ್ನು ಯೋಚಿಸುತ್ತ ಬಸ್ಸಿನಲ್ಲಿ ಎಡಗೈಯ ಉಗುರೆಲ್ಲ ಕಡಿದು ಮುಗಿಸಿದೆ.

ಇಲ್ಲಿಯ ಮಾಸ್ತರರು ಭರಮಣ್ಣನವರು, ಇದೇ ವಸ್ತಿಯವರು. ನನ್ನನ್ನು ಕಂಡ ಕೂಡಲೇ ನಕ್ಕರು.

“ಬರ್ರಿ ಬಾಯಾರ, ಕುಂದ್ರಿ. ನಿಮ್ಮ ಕಣ್ಣ ನೋಡಿ ಬೆಕ್ಕಿನ ಬಾಯಿ ಬಂದಾಳ ಅಂತ ಹುಡುಗೂರು ಓಡಿ ಹೋದ್ವು. ಹಸಿವಾದ್ರ ಹೊಳ್ಳಿ ಬರ್ತಾವ.”

ಬಾಯಿ ಎಂದರೆ ಇಲ್ಲಿ ಪಾಠ ಹೇಳುವ ಹೆಂಗಸು. ನನ್ನ ಕಣ್ಣು ಬೂದು ಬಣ್ಣದ್ದು. ತಾಯಿ ಇದೇ ತಾಲೂಕಿನ ಉಮದಿಯವಳು. ತಂದೆ ರಸ್ತೆ ಅಳೆಯಲು ಬಂದ ಇಂಗ್ಲಿಷಿನವನು. ಅಳೆದು ಮುಗಿಸಿ ಹೋದ. ತಾಯಿ ತೀರಿಕೊಂಡಳು. ಇದನ್ನು ಎಲ್ಲಿ ಹೋದರೂ ಮೊದಲ ದಿನವೇ ಹೇಳಬೇಕಾಗುತ್ತದೆ. ಇಲ್ಲಿ ಯಾರೂ ಕೇಳಲಿಲ್ಲ.

ಹನ್ನೊಂದು ಗಂಟೆಗೆ ಹಾಜರಿ ಕೂಗಿದೆ. ಮಕ್ಕಳು ಕಣ್ಣೆದುರು ಕುಳಿತ ಮೇಲೆಯೇ ಹಾಜರಿ ತುಂಬಬೇಕು, ಹನ್ನೊಂದಕ್ಕೆ ಮೊದಲು ಲೇಖಣಿ ಮುಟ್ಟಬಾರದು ಎಂಬುದು ಅಣ್ಣಾರಾಯ ಸಾಹೇಬರ ಪ್ರಸಿದ್ಧ ಸುತ್ತೋಲೆ. ಕಾಲೇಜಿನಲ್ಲಿ ನಾವು ಅದನ್ನು ಬಾಯಿಪಾಠ ಮಾಡಿದ್ದೇವೆ. ಪಟ್ಟಿಯಲ್ಲಿ ಇಪ್ಪತ್ತೈದು ಹೆಸರು. ಕೊನೆಯದು, ಒಂದನೆಯದಕ್ಕೂ ಮೊದಲಿನ ಬಿಗರಿ ವರ್ಗದ ಚಂದ್ರಾಬಾಯಿ ಅಮೋಗಸಿದ್ದ. “ಹಾಜರ್” ಎಂದಳು. ಇಪ್ಪತ್ತೈದೂ ಗುರುತು ಹಾಕಿದೆ. ಆಮೇಲೆ ಸುಮ್ಮನೆ ತಲೆ ಎಣಿಸಿದೆ. ಮೇಟ್ರನ್ ಹಾಸಿಗೆ ಎಣಿಸಿ ಎಣಿಸಿ ನನಗೂ ಆ ಚಟ ಅಂಟಿದೆ.

ಇಪ್ಪತ್ತನಾಲ್ಕು. ಮೂರು ಸಲ ಎಣಿಸಿದೆ.


ಡಿಸೆಂಬರ್ ೯, ಬುಧವಾರ

ಇವತ್ತು ಕೊನೆಯ ಹೆಸರು ಕೂಗುವಾಗ ಪಟ್ಟಿ ನೋಡಲಿಲ್ಲ, ಬಾಯಿಗಳನ್ನು ನೋಡಿದೆ. ಯಾವ ಬಾಯಿಯೂ ಅಲುಗಲಿಲ್ಲ. “ಹಾಜರ್” ಮಾತ್ರ ಬಂತು. ಹಿಂದಿನ ಸಾಲಿನಿಂದಲೋ ಮುಂದಿನಿಂದಲೋ ಹೇಳಲಾರೆ.

ಮಧ್ಯಾಹ್ನ ಮಾಸ್ತರರನ್ನು ಕೇಳಿದೆ. ಅವರು ರೊಟ್ಟಿ ಮುರಿಯುತ್ತಲೇ ಹೇಳಿದರು.

“ಯಾರಂದ್ರು ಅಂತ ಹುಡುಕಬ್ಯಾಡ್ರಿ ಬಾಯಾರ. ನಾನೂ ಹನ್ನೊಂದು ವರ್ಷ ಹುಡುಕೀನಿ. ಕುತಗಿ ನೋವು ಬಂತು, ಅಷ್ಟ.”

“ಆ ಹುಡುಗಿ ಎಲ್ಲಿದ್ದಾಳೆ?”

“ಹಳ್ಳಕ್ಕ ಹೋದ್ಲು. ಇಪ್ಪತ್ತೇಳು ವರ್ಷ ಆತು. ಹಳ್ಳದಾಚಿ ಹಾಲವ್ವನ ಮಗಳು. ಹೆಣ ಸಿಗಲಿಲ್ಲ.”

“ಹಾಗಾದರೆ ಹೆಸರು ಹೊಡೆದುಹಾಕಬೇಕಲ್ಲ!”

“ಹೊಡೀರಿ. ಇಪ್ಪತ್ನಾಕಾಗತೈತಿ. ಇಪ್ಪತ್ತೈದಕ್ಕ ಒಂದು ಕಡಿಮಿ ಆದ್ರ ಸಾಲಿ ಎತ್ತಿ ಸನಮಡಿಗಿ ಕೂಡಸ್ತಾರ. ಆ ಹಳ್ಳದ ದಂಡಿಗುಂಟ ನಮ್ಮ ಮಂದಿ ಹೆಣ್ಣಹುಡುಗೂರ್ನ ಕಳಿಸೂದಿಲ್ಲ. ಹನ್ನೊಂದು ಹುಡುಗ್ಯಾರು ನಾಳಿಂದ ಕುರಿ ಹಿಂದ ಹೋಗ್ತಾವ. ನೀವು ಹೊಡೀತೀರೇನು? ಲೇಖಣಿ ಕೊಡ್ಲಿ?”

ಲೇಖಣಿ ತೆಗೆದುಕೊಳ್ಳಲಿಲ್ಲ. ಸುಳ್ಳು ಹಾಜರಿ ತುಂಬಿದ್ದು ಗೊತ್ತಾದರೆ ನನ್ನನ್ನು ಕಾಲೇಜಿನಿಂದ ತೆಗೆಯುತ್ತಾರೆ. ತುಂಬದಿದ್ದರೆ ಹನ್ನೊಂದು ಹುಡುಗಿಯರು.


ಡಿಸೆಂಬರ್ ೧೬, ಬುಧವಾರ

ಶೇರಾ ಬುಕ್ ಓದಿದೆ. ತಪಾಸಣೆಗೆ ಬಂದ ಅಧಿಕಾರಿಗಳು ತಮ್ಮ ಅಭಿಪ್ರಾಯ ಬರೆದಿಟ್ಟು ಹೋಗುವ ಪುಸ್ತಕ ಅದು. ಸೇವಾ ಚರಿತ್ರೆಗೆ ಇದಕ್ಕಿಂತ ಒಳ್ಳೆಯ ಆಧಾರ ಸಿಗದು.

ಸಂಸ್ಥಾನದ ಕಾಲದ ಒಂದು ಪುಟ. ೧೯೨೬ ಆಗಸ್ಟ್ ೧೧. ಆಗಿನ ಡೆಪ್ಯುಟಿ ಸಾಹೇಬರ ಕೈಬರಹ: “ಪಟ್ಟಿಯಲ್ಲಿ ೨೫. ಹಾಜರ್ ೨೫. ನಾನೇ ತಲೆ ಎಣಿಸಿದ್ದೇನೆ. ಬೆಳಿಗ್ಗೆ ಹಳ್ಳಕ್ಕೆ ನೀರು ಬಂದಿದ್ದರೂ ಒಂದು ಮಗುವೂ ತಪ್ಪಿಲ್ಲ. ಅಣ್ಣಾರಾಯ ಮಾಸ್ತರರು ಮೇಲಿನ ಕೆಲಸಕ್ಕೆ ಯೋಗ್ಯರು.”

ಆ ವರ್ಷವೇ ಅವರು ಹೆಡ್ ಮಾಸ್ತರರಾದರು. ಮೂವತ್ತನಾಲ್ಕರಲ್ಲಿ ತಪಾಸಣೆಯ ಅಧಿಕಾರಿ, ನಲವತ್ತೊಂದರಲ್ಲಿ ಡೆಪ್ಯುಟಿ, ಸಂಸ್ಥಾನ ವಿಲೀನವಾದ ಮೇಲೆ ಇಡೀ ಬೋರ್ಡಿಗೆ ಆಡಳಿತಾಧಿಕಾರಿ. ಮೂವತ್ತನಾಲ್ಕರಿಂದ ಮುಂದಿನ ಶೇರಾಗಳೆಲ್ಲ ಅವರ ಕೈಯವೇ. ಹದಿಮೂರು ಇವೆ. ಎಲ್ಲದರಲ್ಲೂ ಒಂದೇ ಸಾಲು: “ಶಾಲೆಯ ದಪ್ತರವನ್ನು ವಳಸಂಗಕ್ಕೆ ತರಿಸಿಕೊಂಡು ನೋಡಿದೆ. ಸಮಾಧಾನಕರ.”

ವಳಸಂಗ ಇಲ್ಲಿಂದ ಗಾಡಿಯಲ್ಲಿ ಹೋಗಿಬರುವಷ್ಟೇ ದೂರ, ಆದರೂ ಒಮ್ಮೆಯೂ ಇಲ್ಲಿಗೆ ಬಂದಿಲ್ಲ. ಇದನ್ನು ಚರಿತ್ರೆಯಲ್ಲಿ ಹೇಗೆ ಬರೆಯಲಿ?


ಡಿಸೆಂಬರ್ ೨೫, ಶುಕ್ರವಾರ

ಕ್ರಿಸ್‌ಮಸ್. ಹಾಸ್ಟೆಲಿನಲ್ಲಿದ್ದರೆ ಕೇಕಿನ ಒಂದು ಚೂರು ಸಿಗುತ್ತಿತ್ತು. ಮಕ್ಕಳು ಮಾಳದಿಂದ ಬಾರೆಹಣ್ಣು ಆರಿಸಿ ತಂದರು. ತಲಾ ನಾಲ್ಕರಂತೆ ಹಂಚಿದೆ. ನೂರು ಹಣ್ಣಿದ್ದವು. ಎಲ್ಲರಿಗೂ ಸರಿಯಾಗಿ ಬಂದವು, ಒಂದೂ ಉಳಿಯಲಿಲ್ಲ.


ಜನವರಿ ೪, ೧೯೫೪, ಸೋಮವಾರ

ಹಾಲವ್ವ ಬಂದಿದ್ದಳು. ನಾನು ಅಳುವ ಮುದುಕಿಯನ್ನು ಊಹಿಸಿದ್ದೆ. ಬಂದವಳು ತಲೆಯ ಮೇಲೆ ಉಣ್ಣೆಯ ಗಂಟು ಹೊತ್ತ ಗಟ್ಟಿ ಹೆಂಗಸು; ಸಂತೆಯ ದಾರಿಯಲ್ಲಿ ನಿಂತು ಜಗಳ ತೆಗೆಯುವವಳಂತೆ ಬಾಗಿಲಲ್ಲಿ ನಿಂತಳು.

“ಹೊಸಾ ಬಾಯಿ ನೀನಽ ಏನು? ಇಷ್ಟ ತೆಳ್ಳಗ ಅದಿ, ಹುಡುಗೂರು ಅಂಜತಾವ ನಿನಗ?”

“ಅಂಜೂದಿಲ್ಲ ಬೇ,” ಎಂದು ಭೀಮರಾಯ ಒಳಗಿನಿಂದ ಕೂಗಿದ. ಎಲ್ಲರೂ ನಕ್ಕರು. ನಾಲ್ಕನೆಯ ಇಯತ್ತೆಯ ಹುಡುಗ. ಅವನಿಗೆ ಯಾರ ಅಂಜಿಕೆಯೂ ಇಲ್ಲ.

“ಹನ್ನೆರಡು ಮಂದಿ ಮಾಸ್ತರಗೋಳು ಬಂದು ಹೋದ್ರು,” ಎಂದಳು ಹಾಲವ್ವ. “ಎಲ್ಲಾರಿಗೂ ಒಂದಽ ಮಾತ ಕೇಳೀನಿ. ನಿನಗೂ ಕೇಳ್ತೀನಿ. ನನ್ನ ಮಗಳ್ನ ಪಾಸ್ ಯಾಕ ಮಾಡೂದಿಲ್ಲ?”

ಉತ್ತರಕ್ಕೆ ಕಾಯದೆ ಅವಳೇ ಹೇಳಿದಳು.

“ಬುತ್ತಿ ಕಟ್ಟಿ ಸಾಲಿಗಿ ಕಳಿಸಿದೆ. ಹಾಜರ್ ಅಂತ ಮಾಸ್ತರ ಬರದಾನ. ಸಾಹೇಬ ಬಂದು ಎಣಿಸಿ ಸಹಿ ಮಾಡ್ಯಾನ. ಅಂದ ಮ್ಯಾಲೆ ಆಕಿ ಸಾಲಿಗಿ ಬಂದು ಮುಟ್ಯಾಳ ಹೌದಿಲ್ಲ? ನೀವು ಬಿಟ್ಟರಲ್ಲ ಹೊಳ್ಳಿ ಬರೂದು! ನಾಕನೇತ್ತೆ ಪಾಸಾದವ್ರಿಗಿ ದಾಖಲೆ ಕೊಟ್ಟು ಮನಿಗಿ ಕಳಿಸ್ತೀರಿ. ಆಕಿ ಜೋಡಿ ಕುಂತವರ ಮಕ್ಕಳು ಸೈತ ಪಾಸಾಗಿ ಹೋದ್ವು. ಆಕಿಗಿ ಪಾಟಿ ಹಿಡಿಸಿದ ಮಾಸ್ತರ ಪಾಸಾಗಿ ಪಾಸಾಗಿ ದೊಡ್ಡ ಸಾಹೇಬ ಆದ. ಇಪ್ಪತ್ತೇಳು ವರ್ಷ ಬಿಗರಿಯಾಗ ಕುಂದ್ರಾಕ ನನ್ನ ಮಗಳೇನು ದಡ್ಡಿಯೇನ?”

“ದಡ್ಡಿ ಅಲ್ಲ,” ಎಂದೆ. ಯಾಕೆ ಹಾಗೆಂದೆನೋ. ಬಾಯಿಗೆ ಬಂತು.

ಹಾಲವ್ವ ಗಂಟಿನಿಂದ ಒಂದು ಹಿಡಿ ಉಣ್ಣೆ ಕಿತ್ತು, ಚಳಿ ಐತಿ, ದಿಂಬಿನಾಗ ತುರಕೋ ಎಂದು ಕೊಟ್ಟು ಹೋದಳು.


ಜನವರಿ ೧೯, ಮಂಗಳವಾರ

ಸರಿಯಾಗಿ ನಿದ್ದೆ ಬರುತ್ತಿದೆ. ಉಗುರು ಬೆಳೆದಿವೆ. ಇಪ್ಪತ್ತೈದು ಮಕ್ಕಳನ್ನು ಒಬ್ಬಳೇ ನಿಭಾಯಿಸುವುದು ಕಷ್ಟವಾಗಬಹುದೆಂದಿದ್ದೆ, ಆಗಿಲ್ಲ. ಬಿಗರಿಯವಳೊಬ್ಬಳು ಮಾತ್ರ ಬಹಳ ಮೆತ್ತಗೆ ಮಾತಾಡುತ್ತಾಳೆ, ಹತ್ತಿರ ಕುಳಿತು ಕೇಳಬೇಕು.


ಜನವರಿ ೨೮, ಗುರುವಾರ

ಸಾಹೇಬರು ವಳಸಂಗಕ್ಕೆ ಬಂದು, ದಪ್ತರ ತರಲು ಹೇಳಿ ಕಳಿಸಿದ್ದರು. ಮಾಸ್ತರರು ನನ್ನನ್ನೇ ಗಾಡಿಯಲ್ಲಿ ಕಳಿಸಿದರು.

ಅಣ್ಣಾರಾಯ ಸಾಹೇಬರನ್ನು ಇಷ್ಟು ಹತ್ತಿರದಿಂದ ನೋಡಿದ್ದು ಮೊದಲ ಸಲ. ಬಿಳಿ ರುಮಾಲು, ಗುಂಡಿ ಹಾಕಿದ ಕೋಟು, ಮೃದುವಾದ ಮಾತು. ಸಿಪಾಯಿಗೆ ಹೊರಗೆ ಹೋಗಲು ಹೇಳಿ, ಬಸಿಯಲ್ಲಿ ಚಹಾ ಸುರಿದು ನನ್ನ ಕಡೆ ಸರಿಸಿದರು. ನಾನು ಸೇವಾ ಚರಿತ್ರೆಯ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದೆ. ಅವರೇ ಮೊದಲು ಕೇಳಿದರು.

“ಆಕಿ ಧ್ವನಿ ಈಗ ಹ್ಯಾಂಗದವಾ?”

“ಸಣ್ಣ ಹುಡುಗಿಯ ಧ್ವನಿರಿ.”

“ಬೆಳದಿಲ್ಲ,” ಎಂದು ಕಿಟಕಿಯ ಕಡೆ ನೋಡಿದರು. “ನನ್ನ ಧ್ವನಿ ಎಷ್ಟ ಬದಲಾತು. ಆಕೀದು ಬೆಳದಿಲ್ಲ.”

ಆಮೇಲೆ ಹೇಳಿದರು. ಅವತ್ತು ತಪಾಸಣೆ ಎಂದು ಅವರು ಬೆಳಗಿನ ಎಂಟಕ್ಕೇ ಬಂದು ಕುಳಿತಿದ್ದರು. ಆಗ ಇಪ್ಪತ್ತೆರಡು ವಯಸ್ಸು. ಒಂದು ಮಗು ತಪ್ಪಿದರೂ ಶಾಲೆ ಹೋಗುತ್ತದೆ, ತನ್ನ ನೌಕರಿ ಹೋಗುತ್ತದೆ ಎಂಬ ಹೆದರಿಕೆ. ಎದುರಿಗೆ ಯಾರಾದರೂ ನಿಂತರೆ ಅಕ್ಷರ ಕೆಡುತ್ತದೆ ಎಂದು, ಮಕ್ಕಳು ಬರುವ ಮೊದಲೇ ಇಪ್ಪತ್ತೈದೂ ಹೆಸರಿಗೆ ಹಾಜರ್ ತುಂಬಿಟ್ಟರು. ಒಂಬತ್ತಕ್ಕೆ ಹಳ್ಳಕ್ಕೆ ನೀರು ಬಂತು.

“ಡೆಪ್ಯುಟಿ ಸಾಹೇಬರು ಸನಮಡಿ ಕಡಿಯಿಂದ ಬಂದ್ರು. ಹೆಸರ ಕೂಗಿದ್ರು. ಕಡೀ ಹೆಸರಿಗಿ ‘ಹಾಜರ್’ ಅಂತ ಬಂತು. ಹುಡುಗೂರು ನನ್ನ ಮಾನ ಉಳಸ್ಯಾರ ಅಂದಕೊಂಡೆ. ಆಮ್ಯಾಲ ಸಾಹೇಬರು ಬೆತ್ತದಿಂದ ಒಂದೊಂದ ತಲಿ ಮುಟ್ಟಿ ಎಣಿಸಿದ್ರವಾ. ಇಪ್ಪತ್ತೈದು. ನಾ ಅವರ ಹಿಂದಽ ನಿಂತು ಎಣಿಸಿದೆ. ಇಪ್ಪತ್ನಾಕು.”

ಮಧ್ಯಾಹ್ನ ನೀರು ಇಳಿದ ಮೇಲೆ ಹಾಲವ್ವ ಓಡಿ ಬಂದಳಂತೆ. ಡೆಪ್ಯುಟಿ ಸಾಹೇಬರೇ ಪಟ್ಟಿ ತೋರಿಸಿ, ನಿನ್ನ ಮಗಳು ಇಲ್ಲೇ ಇದ್ದಾಳೆ, ನಾನೇ ಎಣಿಸಿದ್ದೇನೆ, ಹೋಗು ಎಂದರು. ಆಗ ಮಾಸ್ತರರಾಗಿದ್ದ ಇವರು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ವಸ್ತಿಯವರು ಆಗಲೇ ದಂಡೆಗುಂಟ ಹುಡುಕುತ್ತಿದ್ದರು.

“ಹನ್ನೊಂದು ಗಂಟೆ ಸುತ್ತೋಲೆ ಎಲ್ಲಾರೂ ಹೊಗಳ್ತಾರ,” ಎಂದರು. “ಮೂರುನೂರ ಹೊಸಾ ಸಾಲಿ ತೆಗದೀನಿ. ಎಲ್ಲ್ಯೂ ಯಾವ ಮಾಸ್ತರಗೂ ಮುಂಜಾನಿ ಹಾಜರಿ ತುಂಬಾಕ ಬಿಟ್ಟಿಲ್ಲ.”

ಮುನ್ನೂರು ಶಾಲೆ ಸಣ್ಣ ಮಾತಲ್ಲ. ಅದನ್ನೂ ಹೇಳಬೇಕು.

ನನ್ನನ್ನೇ ಯಾಕೆ ಕಳಿಸಿದಿರಿ ಎಂದು ಕೇಳಿದೆ. ಸಿಟ್ಟಾಗುತ್ತಾರೆಂದು ಅಂಜಿದ್ದೆ. ಆಗಲಿಲ್ಲ.

“ಸುದ್ದಿ ಒಯ್ದು ಹೇಳಾಕ ನಿನಗ ಮನಿ ಇಲ್ಲ, ಬಳಗ ಇಲ್ಲ. ಅದಕ್ಕ.”

ನಿಜವೇ. ನೋವಾಗಲಿಲ್ಲ.

“ಆಕೆಗೆ ಪರೀಕ್ಷೆ ತೆಗೆದುಕೊಳ್ಳುತ್ತೇನೆರಿ. ಪಾಸಾದರೆ ಶಾಲೆ ಬಿಟ್ಟ ದಾಖಲೆಗೆ ಸಹಿ ಮಾಡುತ್ತೀರಾ? ಸೇರಿಸಿಕೊಂಡವರು ನೀವು. ಬೇರೆಯವರ ಸಹಿ ನಡೆಯುವುದಿಲ್ಲವೆನ್ನುತ್ತಾಳೆ ಹಾಲವ್ವ.”

ಅವರು ಬಸಿಯನ್ನು ತಿರುಗಿಸುತ್ತ ಕುಳಿತರು. “ಸಹಿ ಮಾಡಿದ್ರ ಇಪ್ಪತ್ನಾಕು. ಸಾಲಿ ಮುಚ್ಚೂ ಹುಕುಂಗೂ ನಾನಽ ಸಹಿ ಮಾಡಬೇಕಾಗ್ತದ. ಆ ಸಾಲಿ ಸಲುವಾಗಿ ಅಲ್ಲೇನು ನಾ ಬಾಯಿ ಮುಚ್ಚಿಕೊಂಡದ್ದು?” ಎದ್ದು ನಿಂತರು. “ಇಪ್ಪತ್ತೈದನೇದವರ್ನ ಸೇರಿಸು. ಅವತ್ತ ಸಹಿ ಮಾಡ್ತೀನಿ. ಏಪ್ರಿಲ್ ಒಂದರೊಳಗ ಮಾತ್ರ. ಪುಣೆಗೆ ಹೋದ ಮ್ಯಾಲೆ ನನ್ನ ಸಹಿ ಇಲ್ಲಿ ನಡೆಯೂದಿಲ್ಲ.”

ಶೇರಾ ಬುಕ್ಕಿನಲ್ಲಿ ಬರೆದುಕೊಟ್ಟರು. ಸಮಾಧಾನಕರ.


ಫೆಬ್ರುವರಿ ೧೦, ಬುಧವಾರ

ಮನೆಮನೆ ಸುತ್ತಿ ಮುಗಿಯಿತು. ವಸ್ತಿಯಲ್ಲಿ ಸೇರಿಸುವ ವಯಸ್ಸಿನ ಮಗು ಒಂದೂ ಉಳಿದಿಲ್ಲ. ತೊಟ್ಟಿಲಲ್ಲಿರುವವು ನಾಲ್ಕು, ಅವು ಬರಲು ಐದು ವರ್ಷ ಬೇಕು.

ಪರೀಕ್ಷೆ ಶುರು ಮಾಡಿದ್ದೇನೆ. ಬಿಗರಿ, ಒಂದನೆಯದು ಮುಗಿದವು. ಓದು ಚಲೋ. ಲೆಕ್ಕದಲ್ಲಿ ಸ್ವಲ್ಪ ತಡವರಿಸುತ್ತಾಳೆ. ಅಕ್ಷರ ದುಂಡಗೆ.

ಮಾಸ್ತರರು ಬಾಗಿಲಲ್ಲಿ ನಿಂತಿದ್ದರು.

“ಬಾಯಾರ, ಯಾರ ಕೂಡ ಮಾತಾಡಾಕ್ಹತ್ತೀರಿ?”

ಪರೀಕ್ಷೆಯ ಹೊತ್ತಿನಲ್ಲಿ ಮಾತಾಡಿಸಬಾರದೆಂದು ಕೈಸನ್ನೆ ಮಾಡಿದೆ.

“ನಾಳಿ ನನ್ನ ಗಾಡಿ ಸನಮಡಿಗಿ ಹೊಂಟೈತಿ. ಬಸ್ಸಿಗಿ ಬಿಡ್ತೀನಿ, ನಿಮ್ಮ ಕಾಲೇಜಿಗಿ ಹೋಗಿಬಿಡ್ರಿ. ನಾಕ ದಿನ ಮೊದಲ ಹೋದ್ರ ಯಾರೂ ಬೈಯೂದಿಲ್ಲ. ನಾ ಬರದಕೊಡ್ತೀನಿ.”

ಒಳ್ಳೆಯ ಮನುಷ್ಯ. ಆದರೆ ಇನ್ನೂ ಮೂರು ಇಯತ್ತೆಗಳ ಪರೀಕ್ಷೆ ಬಾಕಿ ಇದೆ.


ಮಾರ್ಚ್ ೩, ಬುಧವಾರ

ಪ್ರಿನ್ಸಿಪಾಲರ ಎರಡನೆಯ ಪತ್ರ. ಉಳಿದವರೆಲ್ಲ ಮರಳಿ ಬಂದರಂತೆ. ಯಾಕೆ ಬಂದಿಲ್ಲ, ಆರೋಗ್ಯವೇ ಎಂದು ಕೇಳಿದ್ದಾರೆ. ಪಾಪ, ಅವರಿಗೆ ಇಲ್ಲಿಯ ಕೆಲಸ ಗೊತ್ತಿಲ್ಲ. ಗಾಳಿಗೆ ಕಿಟಕಿ ಬಡಿಯುತ್ತಿತ್ತು, ಪತ್ರ ಮಡಚಿ ಸಂದಿಗೆ ಸಿಕ್ಕಿಸಿದೆ.

ಸೇವಾ ಚರಿತ್ರೆ ಮೊದಲ ಪುಟದಿಂದ ಮುಂದೆ ಹೋಗಿಲ್ಲ. ಆ ದಿನದ ಬೆಳಗಿನ ಎಂಟು ಗಂಟೆಗೆ ಬಂದು ನಿಲ್ಲುತ್ತದೆ.

ಈಗ ಪಾಠ ಮಾಸ್ತರರೇ ಹೇಳುತ್ತಾರೆ. ನಾನು ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂರುತ್ತೇನೆ. ತಣ್ಣಗಿದೆ. ಇವತ್ತು ಭೀಮರಾಯ ಹೊರಳಿ ನೋಡಿ, “ಬಾಯಾರ, ತಟಗ ಈಚಿ ಸರೀರಿ. ಅದು ಆಕಿ ಜಾಗಾ,” ಎಂದ. ಸರಿದು ಕೂತೆ. ಇಬ್ಬರಿಗೂ ಸಾಕಾಗುತ್ತದೆ.

ಸಂಜೆ ಹಾಲವ್ವ ಬಂದಿದ್ದಳು. ನಾಲ್ಕನೆಯದೂ ಪಾಸು ಎಂದೆ. ಅವಳು ನಗಲಿಲ್ಲ, ಅಳಲಿಲ್ಲ. “ಹಂಗಾದ್ರ ಒಬ್ಬರು ಕಡಿಮಿ ಬಿದ್ರು,” ಎಂದಳು. ನನ್ನ ಕೂದಲು ಬಿಚ್ಚಿ, ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ ಹೋದಳು. ಹಾಗೆ ನನಗೆ ಯಾರೂ ಹಾಕಿರಲಿಲ್ಲ.


ಮಾರ್ಚ್ ೧೫, ಸೋಮವಾರ

ಸಾಹೇಬರಿಗೆ ಬರೆದ ಪತ್ರದ ನಕಲು. ಬೆಳಿಗ್ಗೆ ಮಾಸ್ತರರು ಸನಮಡಿಯ ಟಪಾಲಿಗೆ ಹಾಕಿ ಬಂದರು. ದಾರಿಗುಂಟ ಅತ್ತರೆಂದು ಭೀಮರಾಯ ಹೇಳುತ್ತಾನೆ. ಅವನ ಮಾತು ನಂಬುವಂತಿಲ್ಲ.

ಶ್ರೀ ಅಣ್ಣಾರಾಯ ಸಾಹೇಬರಿಗೆ,

ಸಾಷ್ಟಾಂಗ ನಮಸ್ಕಾರಗಳು. ಕುಮಾರಿ ಚಂದ್ರಾಬಾಯಿ ಅಮೋಗಸಿದ್ದ ಇವಳು ಬಿಗರಿಯಿಂದ ನಾಲ್ಕನೆಯ ಇಯತ್ತೆಯವರೆಗಿನ ಎಲ್ಲ ಪರೀಕ್ಷೆಗಳಲ್ಲಿ ಪಾಸಾಗಿದ್ದಾಳೆ. ಉತ್ತರದ ಹಾಳೆಗಳನ್ನು ಜೊತೆಗಿಟ್ಟಿದ್ದೇನೆ. ಅಕ್ಷರವನ್ನು ತಾವು ಗುರುತಿಸುವಿರಿ, ಪಾಟಿ ಹಿಡಿಸಿದವರು ತಾವೇ. ಶಾಲೆ ಬಿಟ್ಟ ದಾಖಲೆಯನ್ನೂ ತುಂಬಿ ಇಟ್ಟಿದ್ದೇನೆ. ಸಹಿಯ ಜಾಗವೊಂದೇ ಖಾಲಿ.

ಇಪ್ಪತ್ತೈದನೆಯವರನ್ನು ಸೇರಿಸಲು ಹೇಳಿದ್ದಿರಿ. ಮಾರ್ಚ್ ನಾಲ್ಕರಂದು ಸೇರಿಸಿದ್ದೇನೆ. ಹೆಸರಿನ ಕಾಲಮ್ಮಿನಲ್ಲಿ ನನ್ನ ಹೆಸರು. ಪಾಲಕರ ಕಾಲಮ್ಮಿನಲ್ಲಿ ಹಾಲವ್ವ. ಅವಳು ಒಪ್ಪಿ ಹೆಬ್ಬೆಟ್ಟು ಒತ್ತಿದ್ದಾಳೆ. ಬಿಗರಿಗೆ ಆರು ವರ್ಷದವರನ್ನೇ ಸೇರಿಸಬೇಕಾದ್ದರಿಂದ ವಯಸ್ಸು ಆರು ಎಂದು ಬರೆದಿದೆ. ನಿಯಮದಂತೆ ಹಾಜರಿಯನ್ನು ಹನ್ನೊಂದು ಗಂಟೆಯ ಮೇಲೆಯೇ ಕೂಗುತ್ತಾರೆ. ಮೊದಮೊದಲು ನನ್ನ ಧ್ವನಿ ಉಳಿದವರದಕ್ಕಿಂತ ದೊಡ್ಡದಾಗಿ ಕೇಳುತ್ತಿತ್ತು. ಈಗ ಹಾಗಿಲ್ಲ. ಮಾಸ್ತರರು ತಲೆ ಎಣಿಸಿದಾಗ ಕೆಲವು ದಿನ ಇಪ್ಪತ್ತೈದು ಬರುತ್ತದೆ, ಕೆಲವು ದಿನ ಇಪ್ಪತ್ತನಾಲ್ಕು. ತಾವು ಒಮ್ಮೆ ಬಂದು ಎಣಿಸಿದರೆ ಸಂಶಯ ಉಳಿಯದು.

ಚಂದ್ರಾಬಾಯಿ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದಾಳೆ. ದಾಖಲೆ ಕೈಗೆ ಬಾರದೆ ಹೊರಗೆ ಕಾಲಿಡುವುದಿಲ್ಲ. ಬಹಳ ನಿಯಮದ ಹುಡುಗಿ. ಮನೆ ಹಳ್ಳದಾಚೆ. ಈ ಸಲ ಮಳೆ ಬೇಗ ಎನ್ನುತ್ತಾರೆ. ನೀರು ಬರುವ ಮೊದಲು ಅವಳನ್ನು ದಾಟಿಸಬೇಕು, ಮತ್ತು ಏಪ್ರಿಲ್ ಒಂದಕ್ಕೆ ಹದಿನೇಳೇ ದಿನ ಉಳಿದಿವೆ.

ದಯವಿಟ್ಟು ಲಗೂನ ಉತ್ತರ ಬರೆಯಿರಿ.